ಮಾನಸಾಭ್ಯಾಸ ವಿಚಾರ

ಭದ್ರಾವತಿಯ ಹಳೇನಗರದ ಬೀದಿಗಳಲ್ಲಿ ಸಾಯಂಕಾಲದ ಹೊತ್ತು ನಡೆದು ಹೋಗತಕ್ಕವರ ಕಣ್ಣಿಗೆ ಒಂದು ನೋಟವು ಬೀಳದೆ ಇರಲಾರದು. ಹನ್ನೆರಡು ಹದಿಮೂರು ವರುಷದ ಹುಡುಗನೊಬ್ಬನು ಮಡಿಸಿದ ಕೊಡೆಯನ್ನು ಎರಡು ಕೈಗಳಿಂದಲೂ ಹಿಡಿದು, ಮೊಣಕಾಲನ್ನು ತುಸು ಬಾಗಿಸಿ ನಿಂತು, ಎದುರಿಗೆ ಇಲ್ಲದ ಚೆಂಡನ್ನು ಇಲ್ಲದ ಬೇಲಿಯ ಕಡೆಗೆ ಹೊಡೆಯುತ್ತಾನೆ. ಹೊಡೆದ ಮೇಲೆ ತಲೆಯೆತ್ತಿ ಆ ಚೆಂಡು ಹೋದ ದಾರಿಯನ್ನು ನೋಡುತ್ತಾನೆ. ಕೆಲವು ವೇಳೆ ಅವನ ಮುಖದಲ್ಲಿ ತೃಪ್ತಿಯು ಕಾಣುತ್ತದೆ. ಕೆಲವು ವೇಳೆ, ಆಶ್ಚರ್ಯವಾದ ಸಂಗತಿಯೆಂದರೆ, ಅತೃಪ್ತಿ. ಇಲ್ಲದ ಚೆಂಡು ತಪ್ಪಿಹೋದುದಾದರೂ ಹೇಗೆ? ಅಷ್ಟರಲ್ಲಿ ಜಗಲಿಯ ಮೇಲಿಂದ ಅಜ್ಜಿಯ ಕೂಗು ಕೇಳಿಸುತ್ತದೆ: “ಗಾಳಿಗೆ ಕೈ ಬೀಸ್ತಾ ನಿಂತಿದ್ದೀಯಲ್ಲೋ, ಒಳಗೆ ಬಂದು ಓದ್ಕೋಬಾರ್ದೇನೋ!”

ಆ ಮುದುಕಿಯ ಮಾತಿನಲ್ಲಿ ನ್ಯಾಯವಿಲ್ಲವೆನ್ನುವಂತಿಲ್ಲ. ಆದರೆ ಅದೇ ಮುದುಕಿ, ಮೊಣಕಾಲಿನ ನೋವು ಹೆಚ್ಚಿದ ದಿನ, ಊರ ನಡುವಣ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋಗಲಾರದೆ, ಅದೇ ಜಗಲಿಯ ಮೇಲೆ ಕಣ್ಣು ಮುಚ್ಚಿ ಕುಳಿತು, ಹೊಯ್ಸಳರ ಕಾಲದ ಆ ಮೂರು ಗರ್ಭಗುಡಿಗಳನ್ನೂ ಒಂದೊಂದಾಗಿ ದರ್ಶನ ಮಾಡಿ, ಪ್ರದಕ್ಷಿಣೆ ಬಂದು, ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು, ತೃಪ್ತಳಾಗಿ ಏಳುತ್ತಾಳೆ. ಅದನ್ನು ಯಾರಾದರೂ ಗಾಳಿಗೆ ಕೈ ಮುಗಿದಂತಾಯಿತೆಂದರೆ ಅವಳು ಒಪ್ಪುವಳೆ? ಒಪ್ಪಳು. ಮಾನಸಪೂಜೆಯು ಪೂಜೆಯೇ ಎಂದು ಅವಳ ಹಿರಿಯರು ಅವಳಿಗೆ ಹೇಳಿದ್ದಾರೆ. ಹಾಗಾದರೆ ಮಾನಸವಾದ ಆಟವು ಆಟದ ಅಭ್ಯಾಸವೇಕಾಗಬಾರದು? ಜಗಲಿಯ ಮೇಲಿನವಳೂ ಬೀದಿಯಲ್ಲಿ ನಿಂತವನೂ ಒಂದೇ ಶಾಸ್ತ್ರವನ್ನು ಆಶ್ರಯಿಸಿರುವರಲ್ಲವೆ? ಮನಸ್ಸಿನಲ್ಲಿ ಮಾಡಿದ ಕೆಲಸವು ಕೆಲಸವಹುದೆ, ಅಲ್ಲವೆ ಎಂಬ ಈ ಪ್ರಶ್ನೆಯು ಮೇಲೆ ನೋಡಿದಷ್ಟು ಹಗುರವಾದುದಲ್ಲ. ಅಹುದೆಂದರೆ ಪುಣ್ಯದ ಲೆಕ್ಕದೊಡನೆ ಪಾಪದ ಲೆಕ್ಕವೂ ಬರಬೇಕಾಗುತ್ತದೆ. ಅಲ್ಲವೆಂದರೆ ಜಪಧ್ಯಾನಗಳೆಲ್ಲವೂ ಕಾಲಹರಣವಾಗುತ್ತವೆ.

ಈ ವಿಷಯವನ್ನು ಪಾಶ್ಚಾತ್ಯರು ಹೆಚ್ಚಾಗಿ ಪರೀಕ್ಷಿಸಿದುದು ಗಾಲ್ಫ್ ಎಂಬ ಆಟದ ಸಂಬಂಧದಲ್ಲಿ. ನಮ್ಮ ಜಿಲ್ಲೆಯ ಮನೆಗಳಿಗೆ ಈ ಆಟವು ಅಷ್ಟಾಗಿ ಪರಿಚಿತವಾದುದಲ್ಲ. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಇದಕ್ಕಾಗಿ ಒಂದು ಕ್ಲಬ್ಬು ಹುಟ್ಟಿದ್ದರೂ ಬಹುಕಾಲ ಇದು ದೊರೆಗಳ ಆಟವಾಗಿಯೇ ಉಳಿದಿದ್ದಿತು. ಬೆಂಗಳೂರಿನ ಅದಿತಿ ಅಶೋಕ್ ಎಂಬ ತರುಣಿಯು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾಗಿ, ಒಂದೇ ಒಂದು ಹೊಡೆತದ ಅಂತರದಿಂದ ಪದಕವನ್ನು ಕಳೆದುಕೊಂಡಾಗ, ಕೋಲು ಹಿಡಿದೇ ಅರಿಯದ ಮನೆಗಳಲ್ಲಿಯೂ ಜನರು ಬೆಳಗಿನ ಜಾವಕ್ಕೆ ಎದ್ದು ನೋಡಿದುದುಂಟು. ಅಗಲವಾದ ಹಸುರು ಬಯಲಿನಲ್ಲಿ ಸಣ್ಣದೊಂದು ಬಿಳಿಯ ಚೆಂಡನ್ನು ಉದ್ದನೆಯ ಕೋಲಿನಿಂದ ಹೊಡೆದು, ಹೊಡೆತಗಳ ಸಂಖ್ಯೆ ಎಷ್ಟು ಕಡಮೆಯಾದರೆ ಅಷ್ಟು ಮೇಲೆಂಬಂತೆ, ಅದನ್ನು ದೂರದ ಕುಳಿಯೊಂದಕ್ಕೆ ಸೇರಿಸುವುದು ಈ ಆಟದ ಸಾರ. ಕ್ರಿಕೆಟ್ಟಿನಲ್ಲಿ ಚೆಂಡು ಆಟಗಾರನ ಮೇಲೆ ನುಗ್ಗಿ ಬರುತ್ತದೆ, ಯೋಚಿಸುವುದಕ್ಕೆ ಕಾಲವಿಲ್ಲ. ಗಾಲ್ಫಿನಲ್ಲಿ ಚೆಂಡು ಸುಮ್ಮನೆ ಹುಲ್ಲಿನ ಮೇಲೆ ಕುಳಿತು ಆಟಗಾರನ ಮುಖವನ್ನು ನೋಡುತ್ತಿರುತ್ತದೆ. ಯೋಚಿಸುವುದಕ್ಕೆ ಬೇಕಾದಷ್ಟು ಕಾಲವುಂಟು, ಕೆಡುವುದಕ್ಕೂ ಅಷ್ಟೇ ಕಾಲವುಂಟು. ಆದುದರಿಂದಲೇ ಈ ಆಟದಲ್ಲಿ ಕೈಗಿಂತ ಮನಸ್ಸಿನ ಕಾಟವು ಹೆಚ್ಚು.

ಅಮೆರಿಕದ ಜ್ಯಾಕ್ ನಿಕ್ಲಾಸ್ ಎಂಬಾತನು ಈ ಆಟದ ಮಹಾರಥರಲ್ಲೊಬ್ಬ. ಅವನು 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ರಹಸ್ಯವನ್ನು ಬಿಚ್ಚಿಟ್ಟಿದ್ದಾನೆ. ಅಭ್ಯಾಸದಲ್ಲಾಗಲಿ ಪಂದ್ಯದಲ್ಲಾಗಲಿ ಮನಸ್ಸಿನಲ್ಲಿ ಸ್ಪಷ್ಟವಾದ ಚಿತ್ರವು ಮೂಡದೆ ಅವನು ಒಂದು ಹೊಡೆತವನ್ನೂ ಹೊಡೆದುದಿಲ್ಲವಂತೆ. ಆ ಚಿತ್ರಗಳಿಗೆ ಒಂದು ಕ್ರಮವುಂಟು. ಮೊದಲು, ಚೆಂಡು ಕೊನೆಗೆ ಎಲ್ಲಿ ಹೋಗಿ ನಿಲ್ಲಬೇಕೋ ಆ ಜಾಗದಲ್ಲಿ ಅದು ನಿಂತಿರುವುದನ್ನು ಕಾಣುವನು. ಆಮೇಲೆ, ಅದು ಅಲ್ಲಿಗೆ ಹೋದ ದಾರಿಯನ್ನೂ ಆಕಾಶದಲ್ಲಿ ಅದು ಬಾಗಿದ ರೀತಿಯನ್ನೂ ನೆಲಕ್ಕೆ ಬಿದ್ದು ಉರುಳಿದ ಬಗೆಯನ್ನೂ ಕಾಣುವನು. ಕೊನೆಗೆ, ಅಂಥ ಹೊಡೆತವನ್ನು ಉಂಟುಮಾಡತಕ್ಕ ತನ್ನ ಮೈಯ ಬೀಸನ್ನು ಕಾಣುವನು. ಇದಾದ ಮೇಲೆಯೇ ಕೋಲನ್ನು ಎತ್ತುವುದು.

ಪೂರ್ವಮೀಮಾಂಸೆಯನ್ನು ಸ್ವಲ್ಪವಾದರೂ ಓದಿದವರಿಗೆ ಈ ಮೂರು ಚಿತ್ರಗಳು ಹೊಸವಲ್ಲ. ಮೀಮಾಂಸಕರು ಭಾವನೆ ಎಂಬ ಶಬ್ದಕ್ಕೆ ಇಂದಿನ ಬಳಕೆಯ ಅರ್ಥವನ್ನು ಹೇಳುವುದಿಲ್ಲ. ಇಲ್ಲದುದನ್ನು ಉಂಟಾಗುವಂತೆ ಮಾಡತಕ್ಕ ವ್ಯಾಪಾರಕ್ಕೆ ಅವರು ಭಾವನೆಯೆನ್ನುತ್ತಾರೆ. ಅದಕ್ಕೆ ಮೂರು ಅಂಶಗಳನ್ನು ಹೇಳುತ್ತಾರೆ. ಏನನ್ನು ಉಂಟುಮಾಡಬೇಕು, ಯಾವುದರಿಂದ ಉಂಟುಮಾಡಬೇಕು, ಹೇಗೆ ಉಂಟುಮಾಡಬೇಕು: ಎಂದರೆ ಸಾಧ್ಯ, ಸಾಧನ, ಇತಿಕರ್ತವ್ಯತೆ. ಯಜ್ಞದ ವಿಧಿವಾಕ್ಯವನ್ನು ಅರ್ಥಮಾಡುವುದಕ್ಕಾಗಿ ಹೊರಟ ಈ ವಿಚಾರವು ಬಿಳಿಯ ಚೆಂಡಿನ ಆಟಕ್ಕೆ ಹೊಂದೀತೆಂದು ಶಬರಸ್ವಾಮಿಯಾಗಲಿ ಕುಮಾರಿಲಭಟ್ಟನಾಗಲಿ ಎಣಿಸಿರಲಾರರು. ಆದರೂ ಹೊಂದುತ್ತದೆ. ಚೆಂಡು ನಿಲ್ಲುವ ಜಾಗವು ಸಾಧ್ಯ. ಅದನ್ನು ಅಲ್ಲಿಗೆ ಮುಟ್ಟಿಸುವ ಹಾರಾಟವು ಸಾಧನ. ಮೈಯ ಬೀಸು ಇತಿಕರ್ತವ್ಯತೆ. ಮೂರರಲ್ಲಿ ಒಂದು ತಪ್ಪಿದರೂ ಅದು ಭಾವನೆಯಾಗುವುದಿಲ್ಲ, ಬರಿಯ ಆಸೆಯಾಗುತ್ತದೆ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲವೂ ಇದರ ಮೇಲೆಯೇ ನಿಂತಿದೆ.

ಇನ್ನು ಪರೀಕ್ಷೆಗಳ ವಿಚಾರ. ಚಿಕಾಗೋ ನಗರದ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯನು 1930ರ ಸುಮಾರಿನಲ್ಲಿ, ಒಬ್ಬನನ್ನು ಮಲಗಿಸಿ, ತೋಳಿನ ಸ್ನಾಯುಗಳಿಗೆ ಸೂಕ್ಷ್ಮವಾದ ವಿದ್ಯುದ್ಯಂತವನ್ನು ಜೋಡಿಸಿ, ತೋಳನ್ನು ಮಡಿಸದೆ ಮಡಿಸಿದಂತೆ ಎಣಿಸು ಎಂದು ಹೇಳಿದನು. ತೋಳು ಅಲುಗಲಿಲ್ಲ, ಯಂತ್ರದ ಮುಳ್ಳು ಅಲುಗಿತು. 1992ರಲ್ಲಿ ಯೂ ಮತ್ತು ಕೋಲ್ ಎಂಬಿಬ್ಬರು ಕಿರುಬೆರಳಿನ ಬಲವನ್ನು ಅಳೆದರು. ಕೆಲವು ವಾರಗಳ ಕಾಲ ಬೆರಳಿಗೆ ನಿಜವಾದ ವ್ಯಾಯಾಮವನ್ನು ಕೊಟ್ಟವರಲ್ಲಿ ಬಲವು ನೂರಕ್ಕೆ 30ರಷ್ಟು ಹೆಚ್ಚಿತು. ಬೆರಳನ್ನು ಆಡಿಸದೆ ಮನಸ್ಸಿನಲ್ಲಿಯೇ ವ್ಯಾಯಾಮ ಮಾಡಿದವರಲ್ಲಿ 22ರಷ್ಟು. ಏನೂ ಮಾಡದವರಲ್ಲಿ 4ಕ್ಕೂ ಕಡಮೆ. 1995ರಲ್ಲಿ ಪಾಸ್ಕುವಲ್ ಲಿಯೋನ್ ಎಂಬ ವೈದ್ಯನೂ ಅವನ ಸಂಗಡಿಗರೂ ಪಿಯಾನೋ ವಾದ್ಯವನ್ನು ಅರಿಯದವರಿಗೆ ಐದು ಬೆರಳಿನ ಒಂದು ಪಾಠವನ್ನು ಹೇಳಿಕೊಟ್ಟು, ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಅಭ್ಯಾಸ ಮಾಡಿಸಿದರು. ಒಂದು ಗುಂಪಿನವರು ನುಡಿಸಿದರು; ಇನ್ನೊಂದು ಗುಂಪಿನವರು ವಾದ್ಯದ ಮುಂದೆ ಕುಳಿತು, ಬೆರಳಾಡಿಸದೆ, ನುಡಿಸಿದಂತೆ ಎಣಿಸಿದರು. ಮಿದುಳಿನಲ್ಲಿ ಆ ಬೆರಳುಗಳನ್ನು ಆಳುವ ಭಾಗವು ಎರಡು ಗುಂಪಿನವರಲ್ಲಿಯೂ ಒಂದೇ ಬಗೆಯಾಗಿ ವಿಸ್ತಾರಗೊಂಡಿದ್ದಿತು. ನುಡಿಸುವ ಕೌಶಲದಲ್ಲಿ ಮಾತ್ರ ಎರಡನೆಯವರು ಹಿಂದಿದ್ದರು. ಆದರೆ ಅವರಿಗೆ ಒಂದೇ ಸಲ ಎರಡು ಗಂಟೆಯ ಹೊತ್ತು ನಿಜವಾಗಿ ನುಡಿಸುವುದಕ್ಕೆ ಬಿಟ್ಟಾಗ ಮೊದಲನೆಯವರ ಸಮಕ್ಕೆ ಬಂದರು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಮಾನಸಾಭ್ಯಾಸವು ಏನೂ ಮಾಡದುದಕ್ಕಿಂತ ಮೇಲು, ಕೈಯಾರೆ ಮಾಡಿದುದಕ್ಕಿಂತ ಕೆಳಗು, ಎರಡೂ ಕೂಡಿದರೆ ಉತ್ತಮ. ಪಾಠಶಾಲೆಗಳಲ್ಲಿ ವೇದವನ್ನು ಕಲಿಸುವ ಕ್ರಮವೂ ಇದಕ್ಕೆ ಸಂವಾದಿಯಾಗಿಯೇ ಇದೆ. ಮನುವು ಜಪದಲ್ಲಿ ಮೂರು ತರಗತಿಗಳನ್ನು ಹೇಳಿ, ಬಾಯಿಬಿಟ್ಟು ಮಾಡಿದುದಕ್ಕಿಂತ ತುಟಿಯೊಳಗಿನದಕ್ಕೂ, ಅದಕ್ಕಿಂತ ಮಾನಸವಾದುದಕ್ಕೂ ಫಲವು ಹಲವು ಮಡಿ ಹೆಚ್ಚೆಂದು ವಿಧಿಸಿದ್ದಾನೆ. ಹಾಗೆಂದು ತುಂಗೆಯ ದಡದ ಮತ್ತೂರಿನಲ್ಲಾಗಲಿ ಮತ್ತೆಲ್ಲಿಯೇ ಆಗಲಿ ಯಾವ ಗುರುವೂ ಮೊದಲ ದಿನವೇ ಹುಡುಗನನ್ನು ಮನಸ್ಸಿನಲ್ಲಿ ಹೇಳಿಕೋ ಎಂದು ಬಿಟ್ಟುದಿಲ್ಲ. ಮೊದಲು ಗಂಟಲು ಕಟ್ಟುವಷ್ಟು ಗಟ್ಟಿಯಾಗಿ ಹೇಳಬೇಕು. ಉದಾತ್ತಾನುದಾತ್ತಗಳು ತಪ್ಪಿದಲ್ಲಿ ಗುರುವು ತಡೆಯಬೇಕು. ಕಿವಿಯಲ್ಲಿ ಸರಿಯಾದ ಸ್ವರವು ಊರಿದ ಮೇಲೆಯೇ ಮನಸ್ಸಿನಲ್ಲಿ ಹೇಳಿಕೊಂಡರೆ ಪ್ರಯೋಜನ. ತಪ್ಪು ಸ್ವರವನ್ನು ಮೌನವಾಗಿ ನೂರು ಸಲ ಹೇಳಿಕೊಂಡವನಿಗೆ ತಪ್ಪೇ ದೃಢವಾಗುತ್ತದೆ. ಅದನ್ನು ತಿದ್ದುವುದಕ್ಕೆ ಯಾರಿಗೂ ಕೇಳಿಸುವಂತಿಲ್ಲ.

ಈಗ ಪೂರ್ವಪಕ್ಷವನ್ನು ಕೇಳಬೇಕು. ಮನಸ್ಸಿನಲ್ಲಿ ಮಾಡುವುದು ಸುಲಭ, ಹಿತಕರ, ಖರ್ಚಿಲ್ಲದುದು. ಆದುದರಿಂದ ಅದು ಸೋಮಾರಿಯ ಸ್ವರ್ಗವೆಂಬುದು ಆ ಪಕ್ಷ. ಇದಕ್ಕೆ ವಿಷ್ಣುಶರ್ಮನ ಪಂಚತಂತ್ರದ ಬ್ರಾಹ್ಮಣನೇ ಸಾಕ್ಷಿ. ಭಿಕ್ಷೆಯಿಂದ ಬಂದ ಹಿಟ್ಟನ್ನು ಮಡಕೆಯಲ್ಲಿ ತುಂಬಿ, ಗೂಟಕ್ಕೆ ತೂಗುಹಾಕಿ, ಅದರ ಕೆಳಗೆ ಮಲಗಿ ಅವನು ಎಣಿಸತೊಡಗಿದನು. ಬರಗಾಲ ಬಂದರೆ ಈ ಹಿಟ್ಟಿಗೆ ಒಳ್ಳೆಯ ಬೆಲೆ ಬರುವುದು. ಅದರಿಂದ ಎರಡು ಆಡು. ಆಡಿನಿಂದ ಆಕಳು, ಆಕಳಿನಿಂದ ಎಮ್ಮೆ, ಎಮ್ಮೆಯಿಂದ ಕುದುರೆ, ಕುದುರೆಯಿಂದ ಚಿನ್ನ, ಚಿನ್ನದಿಂದ ಮನೆ, ಮನೆಗೆ ಹೆಂಡತಿ, ಹೆಂಡತಿಯಿಂದ ಸೋಮಶರ್ಮನೆಂಬ ಮಗ. ಮಗನು ಕುದುರೆಯ ಕಾಲಿನ ಬಳಿಗೆ ಅಂಬೆಗಾಲಿಟ್ಟು ಬರುತ್ತಾನೆ. ಹೆಂಡತಿಯು ಕೂಗಿದರೂ ಕೇಳುವುದಿಲ್ಲ. ಸಿಟ್ಟಿನಿಂದ ಅವಳನ್ನು ಒದೆಯುತ್ತಾನೆ. ಒದೆತವು ಮಡಕೆಗೆ ತಾಗಿ, ಒಡೆದು, ಹಿಟ್ಟೆಲ್ಲ ಮೈಮೇಲೆ ಸುರಿದು ಬೆಳ್ಳಗಾದನು.

ಈ ಕತೆಯನ್ನು ಮಕ್ಕಳಿಗೆ ಹೇಳಿ ನಗುವುದು ವಾಡಿಕೆ. ಆದರೆ ಇದರಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸೂಕ್ಷ್ಮವುಂಟು. ಆ ದೀರ್ಘವಾದ ಕನಸಿನಲ್ಲಿ ಬ್ರಾಹ್ಮಣನು ತಾನಾಗಿ ಮೈ ಬಗ್ಗಿಸಿ ಮಾಡಿದ ಕೆಲಸವು ಯಾವುದು? ಆಡು ತಾನಾಗಿ ಈಯಿತು. ಎಮ್ಮೆ ತಾನಾಗಿ ಹೆಚ್ಚಿತು. ಮನೆ ತಾನಾಗಿ ಎದ್ದಿತು. ಯಾರೋ ಬಂದು ಹೆಣ್ಣು ಕೊಟ್ಟರು. ಆಡಿಗೆ ಸೊಪ್ಪು ತಂದವರಾರು, ಹಾಲು ಕರೆದವರಾರು ಎಂಬುದು ಕನಸಿನಲ್ಲಿ ಎಲ್ಲಿಯೂ ಇಲ್ಲ. ತನ್ನ ಅಂಗದಿಂದ ಇಂಥ ಚಲನೆಯನ್ನು ಇಂಥ ರೀತಿಯಲ್ಲಿ ಮಾಡುವೆನೆಂದು ಅವನು ಎಣಿಸಿದುದು ಒಂದೇ ಒಂದು: ಆ ಒದೆತ. ಅದೊಂದೇ ನಿಜವಾಯಿತು! ಸಾಧ್ಯಸಾಧನಗಳ ಸರಪಳಿಯೆಲ್ಲವೂ ಗಾಳಿಯಲ್ಲಿ ಹೋಯಿತು. ಇತಿಕರ್ತವ್ಯತೆಯುಳ್ಳ ಭಾಗವು ಕಾಲಿಗೆ ಇಳಿಯಿತು. ಜೇಕಬ್ಸನ್ನನ ಯಂತ್ರದ ಮುಳ್ಳು ತೋರಿಸಿದುದನ್ನು ವಿಷ್ಣುಶರ್ಮನು ಮಡಕೆಯಿಂದ ತೋರಿಸಿದ್ದಾನೆ. ವೇದಾಂತಿಗಳು ಮನೋರಾಜ್ಯವೆಂದು ಹೆಸರಿಟ್ಟು ನಿಂದಿಸುವುದು ಆ ಆಡು ಎಮ್ಮೆಗಳ ಭಾಗವನ್ನೇ ಹೊರತು ಭಾವನೆಯನ್ನಲ್ಲ.

ಮನೋರಾಜ್ಯದ ಕೇಡನ್ನು ಜರ್ಮನಿಯ ಗಾಬ್ರಿಯೇಲೆ ಎಟ್ಟಿಂಗೆನ್ ಎಂಬ ವಿದುಷಿಯು ಅಳತೆಮಾಡಿ ತೋರಿಸಿದ್ದಾಳೆ. ಓದು ಮುಗಿಸಿ ಉದ್ಯೋಗವನ್ನು ಹುಡುಕುತ್ತಿದ್ದ ತರುಣರನ್ನು ವಿಚಾರಿಸಿ ಅವಳು 2002ರಲ್ಲಿ ಪ್ರಕಟಿಸಿದ ವರದಿಯಂತೆ, ಉದ್ಯೋಗವು ದೊರೆತಂತೆ ಎಣಿಸಿ ಸುಖಿಸುತ್ತಿದ್ದವರು ಅರ್ಜಿಗಳನ್ನು ಕಡಮೆ ಹಾಕಿದರು, ಎರಡು ವರುಷಗಳ ಮೇಲೆ ಸಂಬಳವನ್ನೂ ಕಡಮೆ ಪಡೆಯುತ್ತಿದ್ದರು. ಫಲವನ್ನು ಮನಸ್ಸಿನಲ್ಲಿಯೇ ಉಂಡವನಿಗೆ ಹಸಿವು ಉಳಿಯುವುದಿಲ್ಲ. ಇಂದಿನ ದಿನಗಳಲ್ಲಿ, ಬಯಸಿದುದನ್ನು ಬಲವಾಗಿ ಎಣಿಸಿರಿ, ಅದು ತಾನಾಗಿ ಬಂದು ಸೇರುವುದು ಎಂದು ಸಾರಿ ಹಣ ಗಳಿಸುವ ಉಪದೇಶಕರು ಹೆಚ್ಚಿದ್ದಾರೆ. ಇವರು ಮಾರುವುದು ಹಿಟ್ಟಿನ ಮಡಕೆಯನ್ನು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಾಗಿತ್ತು. ಆದರೆ ಅವರ ವಾದದಲ್ಲಿ ಒಂದು ಕ್ರೌರ್ಯವೂ ಅಡಗಿದೆ: ಎಣಿಸಿದವನಿಗೆ ಬರುವುದಾದರೆ, ಬಾರದವನು ಸರಿಯಾಗಿ ಎಣಿಸಲಿಲ್ಲವೆಂದಾಯಿತು, ಬಡವನ ಬಡತನಕ್ಕೂ ರೋಗಿಯ ರೋಗಕ್ಕೂ ಅವನ ಮನಸ್ಸೇ ಕಾರಣವೆಂದಾಯಿತು. ಕೆಲಸ ಕಳೆದುಕೊಂಡವನ ಮನೆಯ ಮುಂದೆ ನಿಂತು ಈ ಮಾತನ್ನು ಆಡುವುದಕ್ಕೆ ಎಂಥ ಎದೆ ಬೇಕೆಂಬುದನ್ನು ಆ ಉಪದೇಶಕರು ಯೋಚಿಸಿದಂತೆ ತೋರುವುದಿಲ್ಲ.

ಇದಕ್ಕೆ ಇದಿರಾಗಿ ಅರುವತ್ತುಮೂವರು ಪುರಾತನರಲ್ಲೊಬ್ಬನಾದ ಪೂಸಲಾರನ ಕತೆಯನ್ನು ಇಟ್ಟು ನೋಡಬೇಕು. ಶಿವನಿಗೆ ಗುಡಿಯನ್ನು ಕಟ್ಟಿಸಬೇಕೆಂದು ಅವನು ಹಣಕ್ಕಾಗಿ ಅಲೆದನು, ಸಿಕ್ಕಲಿಲ್ಲ. ಆಗ ಮನಸ್ಸಿನಲ್ಲಿಯೇ ಕಟ್ಟತೊಡಗಿದನು. ಕಣ್ಣು ಮುಚ್ಚಿದೊಡನೆ ಶಿಖರವು ಮೂಡಿತೆ? ಇಲ್ಲ. ಸಾಮಗ್ರಿಯನ್ನೂ ಶಿಲ್ಪಿಗಳನ್ನೂ ಮನಸ್ಸಿನಲ್ಲಿಯೇ ಕೂಡಿಸಿದನು. ಒಳ್ಳೆಯ ದಿನವನ್ನು ನೋಡಿ ತಳಪಾಯವನ್ನು ಹಾಕಿದನು. ಕಲ್ಲಿನ ಮೇಲೆ ಕಲ್ಲನ್ನಿಟ್ಟು, ರಾತ್ರಿಯೂ ಕಣ್ಣು ಮುಚ್ಚದೆ, ಬಹುದಿನಗಳ ಮೇಲೆ ಶಿಖರವನ್ನು ಮುಟ್ಟಿದನು. ಬಾವಿಯನ್ನು ತೋಡಿಸಿದನು, ಪ್ರಾಕಾರವನ್ನು ಎತ್ತಿಸಿದನು. ಅದೇ ದಿನ ಕಂಚಿಯಲ್ಲಿ ಪಲ್ಲವರಾಜನ ಕಲ್ಲಿನ ಗುಡಿಯ ಪ್ರತಿಷ್ಠೆಯೂ ಗೊತ್ತಾಗಿದ್ದಿತು. ಶಿವನು ರಾಜನ ಕನಸಿನಲ್ಲಿ ಬಂದು, ಆ ದಿನ ತನಗೆ ಪೂಸಲಾರನ ಗುಡಿಗೆ ಹೋಗುವುದಿದೆ, ಪ್ರತಿಷ್ಠೆಯನ್ನು ಮುಂದಕ್ಕೆ ಹಾಕು ಎಂದನಂತೆ. ಭಕ್ತಿಯ ಮಹಿಮೆಯನ್ನು ಹೇಳುವ ಕತೆಯಿದು, ನಿಜ. ಆದರೆ ಆ ಮಾನಸಮಂದಿರಕ್ಕೆ ಹಿಡಿದ ಕಾಲವನ್ನು ನೋಡಿರಿ. ಕಲ್ಲಿನ ಗುಡಿಗೆ ಬೇಕಾದ ಶ್ರಮವೂ ಕ್ರಮವೂ ಅದಕ್ಕೂ ಬೇಕಾಯಿತು. 1989ರಲ್ಲಿ ಫ್ರಾನ್ಸಿನ ವಿದ್ವಾಂಸರು, ಗೊತ್ತಾದಷ್ಟು ದೂರವನ್ನು ನಡೆದಂತೆ ಎಣಿಸುವುದಕ್ಕೆ ಹಿಡಿಯುವ ಕಾಲವೂ ನಿಜವಾಗಿ ನಡೆಯುವುದಕ್ಕೆ ಹಿಡಿಯುವ ಕಾಲವೂ ಹೆಚ್ಚುಕಡಮೆ ಒಂದೇ ಎಂದು ಕಂಡುಕೊಂಡರು. ಈಗಿನ ಕ್ರೀಡಾಶಿಕ್ಷಕರೂ ಗಾಲ್ಫಿನ ಬೀಸನ್ನು ಮನಸ್ಸಿನಲ್ಲಿ ಆಡುವಾಗ ನಿಜವಾದ ಬೀಸಿಗೆ ಹಿಡಿಯುವಷ್ಟೇ ಹೊತ್ತು ಹಿಡಿಯಲಿ, ಆಟದ ಉಡುಪನ್ನೇ ಉಟ್ಟು, ಕೋಲನ್ನು ಕೈಯಲ್ಲಿ ಹಿಡಿದೇ ಎಣಿಸಲಿ ಎಂದು ವಿಧಿಸುತ್ತಾರೆ. ಮನೋರಾಜ್ಯದಲ್ಲಿ ಗುಡಿಯು ಗಳಿಗೆಯಲ್ಲಿ ಏಳುತ್ತದೆ. ಭಾವನೆಯಲ್ಲಿ ಅದು ಕಲ್ಲುಕಲ್ಲಾಗಿಯೇ ಏಳಬೇಕು. ಹಳೇನಗರದ ಅಜ್ಜಿಯೂ ಕುಂಟುತ್ತ ನಡೆದರೆ ಹಿಡಿಯುವಷ್ಟು ಹೊತ್ತಿನಲ್ಲಿಯೇ ತನ್ನ ಪ್ರದಕ್ಷಿಣೆಯನ್ನು ಮುಗಿಸುತ್ತಾಳಾದರೆ, ಅವಳನ್ನು ಆಕ್ಷೇಪಿಸುವಂತಿಲ್ಲ.

ಪುಣ್ಯದ ಪಕ್ಷವು ಹೀಗಾಯಿತು. ಪಾಪದ ಪಕ್ಷವು ಇನ್ನೂ ಕಠಿನವಾದುದು. ಹಿಟ್ಟಿನ ಮಡಕೆಯನ್ನು ಹೇಳಿದ ಮೇಲೆ ಹಿಟ್ಟಿನ ಕೋಳಿಯನ್ನು ಬಿಡುವುದು ಕನ್ನಡಿಗರಿಗೆ ಸಾಧ್ಯವಿಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಯಲ್ಲಿ, ಯಶೋಧರರಾಜನಿಗೆ ಅವನ ತಾಯಿಯು ದೇವಿಗೆ ಬಲಿ ಕೊಡೆಂದು ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಒಲ್ಲದ ಅವನು ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುವುದಕ್ಕೆ ಒಪ್ಪುತ್ತಾನೆ. ಕತ್ತಿಯು ಬಿದ್ದಾಗ ಹಿಟ್ಟಿನ ಕೋಳಿಯು ಕೂಗುತ್ತದೆ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಪಶುಪಕ್ಷಿಗಳಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಸತ್ತುದು ಏನು? ಒಂದು ಹಿಡಿ ಹಿಟ್ಟು. ಆದರೂ ಜೈನಾಚಾರ್ಯರು ಕ್ಷಮಿಸಲಿಲ್ಲ.

ಭಾಗವತವು ಹೇಳುವುದೇ ಬೇರೆ. ಕಲಿಯನ್ನು ಕೈಗೆ ಸಿಕ್ಕಿಯೂ ಪರೀಕ್ಷಿದ್ರಾಜನು ಕೊಲ್ಲದೆ ಬಿಟ್ಟುದಕ್ಕೆ ಅಲ್ಲಿ ಕೊಟ್ಟ ಕಾರಣವೇನೆಂದರೆ, ಕಲಿಯುಗದಲ್ಲಿ ಒಳ್ಳೆಯದು ಎಣಿಸಿದೊಡನೆ ಫಲಿಸುತ್ತದೆ, ಕೆಟ್ಟುದು ಮಾಡಿದರೆ ಮಾತ್ರ ಫಲಿಸುತ್ತದೆ ಎಂಬುದು. ಇದು ದಯಾಪರವಾದ ಲೆಕ್ಕ. ಸಂಸಾರಿಗಳಿಗೆ ಪ್ರಿಯವಾದ ಲೆಕ್ಕ. ಇವೆರಡರಲ್ಲಿ ಯಾವುದು ಸರಿ? ಧರ್ಮನಿರ್ಣಯವನ್ನು ಗಾಲ್ಫಿನ ಬಯಲಿನಲ್ಲಿ ಕೇಳುವುದು ವಿಚಿತ್ರವಾದರೂ, 1985ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯು ಇಲ್ಲಿ ನೆನೆಯತಕ್ಕದ್ದು. ಮೂವತ್ತು ಮಂದಿ ವಿದ್ಯಾರ್ಥಿಗಳಿಂದ, ಚೆಂಡನ್ನು ಮೆಲ್ಲನೆ ಉರುಳಿಸಿ ಕುಳಿಗೆ ಸೇರಿಸುವ ಹೊಡೆತವನ್ನು ಆಡಿಸಿದರು. ಹೊಡೆಯುವುದಕ್ಕೆ ಮೊದಲು ಕೆಲವರು ಚೆಂಡು ಕುಳಿಗೆ ಬಿದ್ದಂತೆ ಎಣಿಸಬೇಕು. ಕೆಲವರು ಅದು ಕೂದಲೆಳೆಯಷ್ಟರಲ್ಲಿ ತಪ್ಪಿದಂತೆ ಎಣಿಸಬೇಕು. ಉಳಿದವರು ಏನನ್ನೂ ಎಣಿಸಬೇಕಾಗಿಲ್ಲ. ಮೊದಲನೆಯವರ ಆಟವು ನೂರಕ್ಕೆ 30ರಷ್ಟು ಉತ್ತಮವಾಯಿತು, ಮೂರನೆಯವರದು 10ರಷ್ಟು. ತಪ್ಪನ್ನು ಎಣಿಸಿದವರದು 21ರಷ್ಟು ಕೆಟ್ಟಿತು. ಅಭ್ಯಾಸದಿಂದ ತಾನಾಗಿ ಬರಬೇಕಾಗಿದ್ದ ಲಾಭವೂ ಅವರಿಗೆ ಬರಲಿಲ್ಲ. ಕೈಯು ಭಾಗವತದ ಕಡೆಗಲ್ಲ, ಜನ್ನನ ಕಡೆಗೆ ಸಾಕ್ಷಿ ಹೇಳಿತು: ಕೆಟ್ಟುದನ್ನು ಎಣಿಸಿದುದೂ ಲೆಕ್ಕಕ್ಕೆ ಬರುತ್ತದೆ.

ಇದನ್ನು ಕೇಳಿ ಭೀರುಸ್ವಭಾವದ ಸಜ್ಜನರು ಹೆದರಬಾರದು. ನಡುರಾತ್ರಿಯಲ್ಲಿ ಮನಸ್ಸಿಗೆ ತಾನಾಗಿ ಬಂದು ಹೋಗುವ ಕೆಟ್ಟ ಯೋಚನೆಗಳಿಗಾಗಿ ನೊಂದುಕೊಳ್ಳುವವರು ಎಷ್ಟೋ ಮನೆಗಳಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ನೊಣಕ್ಕೂ ಕೇಡು ಮಾಡದವರು. ಯಶೋಧರನ ದೋಷವು ಬರಿಯ ಯೋಚನೆಯಲ್ಲಿರಲಿಲ್ಲ. ಅವನು ಸಾಧ್ಯವನ್ನು ಗೊತ್ತುಮಾಡಿಕೊಂಡನು, ಕೋಳಿಯ ಆಕಾರವನ್ನು ಮಾಡಿಸಿದನು, ಕತ್ತಿಯನ್ನು ಎತ್ತಿದನು, ಕೊರಳಿಗೆ ಗುರಿಯಿಟ್ಟನು. ಮೂರು ಅಂಶಗಳೂ ಪೂರ್ಣವಾಗಿದ್ದುವು. ಎಂದರೆ ಅದು ಕೊಲೆಯ ಅಭ್ಯಾಸವಾಯಿತು. ಹಗೆಯ ಮನೆಯ ದಾರಿಯನ್ನೂ ಹೊತ್ತನ್ನೂ ಆಯುಧವನ್ನೂ ದಿನದಿನವೂ ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳುವವನು ಬೇರೆ. ಸಿಟ್ಟಿನ ಭರದಲ್ಲಿ ‘ಹಾಳಾಗಿ ಹೋಗಲಿ’ ಎಂದುಕೊಂಡು ಮರುಗಳಿಗೆ ಮರೆತವನು ಬೇರೆ. ಎರಡನೆಯವನಿಗೆ ಭಾಗವತದ ಅಭಯವು ಸಲ್ಲುತ್ತದೆ. ಮೊದಲನೆಯವನಿಗೆ ಸಲ್ಲಬಾರದು, ನ್ಯಾಯಾಲಯವು ಅವನನ್ನು ಹಿಡಿಯಲಾರದಿದ್ದರೂ.

ಇನ್ನು ಬೀದಿಯ ಹುಡುಗನ ಅತೃಪ್ತಿಯ ಸಂಗತಿ ಉಳಿಯಿತು. ತಪ್ಪನ್ನು ಎಣಿಸಿದರೆ ಆಟವು ಕೆಡುವುದಾದರೆ, ಅವನ ಇಲ್ಲದ ಚೆಂಡು ತಪ್ಪಿಹೋದುದು ಕೇಡಲ್ಲವೆ? ಅಲ್ಲ. ಅವನು ತಪ್ಪನ್ನು ಬಯಸಿ ಎಣಿಸಲಿಲ್ಲ; ಸರಿಯನ್ನು ಎಣಿಸಲು ಹೋಗಿ, ತನ್ನ ಮೈಗೆ ತಿಳಿದಷ್ಟು ನಿಜವನ್ನು ಕಂಡುಕೊಂಡನು: ಈ ಬೀಸು ಸಾಲದು, ಮಣಿಕಟ್ಟು ತಿರುಗಿದುದು ತಡವಾಯಿತು ಎಂದು. ಹಿಟ್ಟಿನ ಮಡಕೆಯ ಕೆಳಗೆ ಮಲಗಿದವನ ಕನಸಿನಲ್ಲಿ ಒಂದು ಆಡಾದರೂ ಸಾಯಲಿಲ್ಲವೆಂಬುದನ್ನು ನೆನೆದರೆ, ತಪ್ಪಬಲ್ಲ ಚೆಂಡೇ ಭಾವನೆಯ ಗುರುತೆಂದು ತಿಳಿಯುತ್ತದೆ. ತಪ್ಪಿದ ಮೇಲೆ ಮಾಡತಕ್ಕದ್ದನ್ನು ಪತಂಜಲಿಯು ಹೇಳಿದ್ದಾನೆ. ಬೇಡದ ವೃತ್ತಿಯು ಎದ್ದಾಗ ಅದಕ್ಕೆ ಇದಿರಾದುದನ್ನು ಭಾವಿಸಬೇಕೆಂದು. ಹುಡುಗನು ಅದನ್ನು ಓದದೆಯೇ ಮಾಡುತ್ತಾನೆ: ಕೊಡೆಯನ್ನು ಮತ್ತೆ ಎತ್ತಿ, ಅದೇ ಚೆಂಡನ್ನು ಇನ್ನೊಮ್ಮೆ ಹಾಕಿಸಿಕೊಂಡು, ಈ ಸಲ ಸರಿಯಾಗಿ ಹೊಡೆಯುತ್ತಾನೆ. ಇಲ್ಲದ ಚೆಂಡನ್ನು ಎಸೆಯುವವನಿಗೆ ಬೇಸರವೆಂಬುದಿಲ್ಲ.

ಅದೇ ಭದ್ರಾವತಿಯಲ್ಲಿ 1949ರ ಫೆಬ್ರವರಿ 12ರಂದು ಹುಟ್ಟಿದ ಗುಂಡಪ್ಪ ವಿಶ್ವನಾಥರು 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಮೇಲೆ ತಮ್ಮ ಮೊದಲನೆಯ ಟೆಸ್ಟ್ ಪಂದ್ಯವನ್ನು ಆಡಿದರು. ಮೊದಲ ಸರದಿಯಲ್ಲಿ ಸೊನ್ನೆ. ಇಪ್ಪತ್ತು ವರುಷದ, ಎತ್ತರವೂ ಹೆಚ್ಚಿಲ್ಲದ ತರುಣನಿಗೆ ಆ ಸೊನ್ನೆಯನ್ನೇ ಮತ್ತೆ ಮತ್ತೆ ಎಣಿಸುತ್ತ ಕುಳಿತುಕೊಳ್ಳುವುದು ಎಷ್ಟು ಸಹಜವಾಗಿದ್ದಿತು! ನಾಯಕನಾಗಿದ್ದ ಪಟೌಡಿಯು ಅವರ ಬಳಿಗೆ ಬಂದು, ಚಿಂತಿಸಬೇಡ, ನೀನು ನೂರು ಹೊಡೆಯುವೆ ಎಂದು ಹೇಳಿದುದನ್ನು ವಿಶ್ವನಾಥರೇ ಅನಂತರದ ವರುಷಗಳಲ್ಲಿ ನೆನೆಸಿಕೊಂಡಿದ್ದಾರೆ. ಎರಡನೆಯ ಸರದಿಯಲ್ಲಿ ಅವರು ಹೊಡೆದುದು 137. ಒಂದು ಮಾತು ನೂರು ಓಟಗಳನ್ನು ಕೊಟ್ಟಿತೆನ್ನುವುದು ಮೂಢತನ. ಎರಡು ವರುಷಗಳ ಹಿಂದೆ ಮೈಸೂರು ರಾಜ್ಯದ ಪರವಾಗಿ ತಮ್ಮ ಮೊಟ್ಟಮೊದಲ ರಣಜಿ ಪಂದ್ಯದಲ್ಲಿಯೇ 230 ಹೊಡೆದಿದ್ದ ಕೈಗಳು ಅವು. ಪಟೌಡಿಯ ಮಾತು ಆ ಕೈಗಳ ಮುಂದಿದ್ದ ಸೊನ್ನೆಯ ಚಿತ್ರವನ್ನು ತೆಗೆದು ಬೇರೊಂದನ್ನು ಇಟ್ಟಿತು; ಅಷ್ಟೇ, ಅದು ಸಣ್ಣ ಉಪಕಾರವಲ್ಲ. ಮಕ್ಕಳಿಗೆ ಪರೀಕ್ಷೆಯ ಮುನ್ನಾ ದಿನ ‘ನಪಾಸಾದರೆ ಗತಿಯೇನು’ ಎಂದು ಕೇಳುವ ತಂದೆಗಳು ಇದನ್ನು ಯೋಚಿಸಬಹುದು.

ಕೈಯಾರೆ ಮಾಡುವುದು ಸಾಧ್ಯವಿದ್ದಲ್ಲಿ ಮಾನಸಾಭ್ಯಾಸವು ಎರಡನೆಯ ಸ್ಥಾನದ್ದೆಂದು ಮೇಲೆ ಸಿದ್ಧವಾಯಿತು. ಆದರೆ ಕೈಯಾರೆ ಅಭ್ಯಾಸ ಮಾಡಲು ಬಾರದ ಕೆಲಸಗಳೂ ಇವೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಊದುಕುಲುಮೆಯು ಹೊತ್ತಿದಾಗ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಿಲಿನಿಂದ ಕರಗಿಸಿ, ಕುಲುಮೆಯ ಬಾಯನ್ನು ತೆರೆದು ಬೆಂಕಿಯ ಹೊಳೆಯನ್ನು ಮರಳಿನ ಕಾಲುವೆಗಳಿಗೆ ಹರಿಸತಕ್ಕ ಕೆಲಸವನ್ನು ಸುತ್ತಣ ಹಳ್ಳಿಗಳಿಂದ ಬಂದ ಜನರೂ ಕಲಿಯಬೇಕಾಯಿತು. ಗದ್ದೆಯಲ್ಲಿ ನೇಗಿಲ ಸಾಲು ಸೊಟ್ಟಗಾದರೆ ಮರಳಿ ಉಳಬಹುದು. ಸಾವಿರ ಡಿಗ್ರಿಗೂ ಮೀರಿ ಕಾದ ದ್ರವದ ಮುಂದೆ ಮೊದಲ ತಪ್ಪೇ ಕೊನೆಯ ತಪ್ಪಾಗಬಹುದು. ಅಲ್ಲಿ ಹೊಸಬನು ದೂರದಲ್ಲಿ ನಿಂತು ನೋಡಬೇಕು. ಹಳಬನ ಹೆಜ್ಜೆಯನ್ನೂ ಗುದ್ದಲಿಯ ಹಿಡಿತವನ್ನೂ ಹಿಂದಕ್ಕೆ ಸರಿಯುವ ಗಳಿಗೆಯನ್ನೂ ಮನಸ್ಸಿನಲ್ಲಿ ನೂರು ಸಲ ಮಾಡಿಕೊಳ್ಳಬೇಕು. ಆಮೇಲೆ ಒಂದು ದಿನ ಮುಂದೆ ಹೋಗಬೇಕು. ಪಾರ್ಶ್ವವಾಯುವಿನಿಂದ ಕೈ ಬಿದ್ದುಹೋದವರಿಗೆ ವೈದ್ಯರು ಬೆರಳನ್ನು ಮಡಿಸಿದಂತೆ ಎಣಿಸು ಎಂದು ಹೇಳಿಕೊಡುವುದೂ ಈ ಬಗೆಯದೇ. ಅವರ ಮೈಗೆ ಬೇರೆ ಅಭ್ಯಾಸವು ಸದ್ಯಕ್ಕೆ ಇಲ್ಲ.

ಧರ್ಮಸಂಕಟದ ಗಳಿಗೆಯೂ ಕುಲುಮೆಯ ಬಾಯಂತೆಯೇ. ಅದಕ್ಕೆ ಯಾವ ಬಯಲಿನಲ್ಲಿಯೂ ತಾಲೀಮು ನಡೆಯುವುದಿಲ್ಲ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ನಡೆದ ಸುವರ್ಣಮಹೋತ್ಸವದ ಟೆಸ್ಟ್ ಪಂದ್ಯಕ್ಕೆ ವಿಶ್ವನಾಥರೇ ನಾಯಕರು. ಇಂಗ್ಲೆಂಡಿನ ಐದು ಹುದ್ದರಿಗಳು 58 ಓಟಗಳಿಗೆ ಬಿದ್ದಿದ್ದುವು. ಆಮೇಲೆ ಬಂದ ಬಾಬ್ ಟೇಲರ್ ಕೀಪರನ ಕೈಗೆ ಚೆಂಡು ಕೊಟ್ಟನೆಂದು ಅಂಪೈರು ಬೆರಳೆತ್ತಿದರು. ತನ್ನ ದಾಂಡಿಗೆ ಚೆಂಡು ತಗಲಿಲ್ಲವೆಂದು ಟೇಲರನು ಹಿಂಜರಿದನು. ತೀರ್ಪು ಆಗಿಹೋಗಿದೆ, ಪಂದ್ಯವು ಕೈಯಲ್ಲಿದೆ. ಸುಮ್ಮನಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಯೋಚಿಸುವುದಕ್ಕೆ ಇದ್ದುದು ಕೆಲವು ಕ್ಷಣಗಳು. ವಿಶ್ವನಾಥರು ಟೇಲರನನ್ನು ಮರಳಿ ಕರೆದರು. ಅವನು ಬಾಥಮನೊಡನೆ ಕೂಡಿ 171 ಓಟಗಳ ಜೊತೆಯಾಟವನ್ನು ಆಡಿದನು. ಭಾರತವು ಹತ್ತು ಹುದ್ದರಿಗಳಿಂದ ಸೋತಿತು.

ಅಂಥ ಕೆಲವು ಕ್ಷಣಗಳ ಹಿಂದೆ ಎಷ್ಟು ವರುಷಗಳ ಕಾಣದ ಅಭ್ಯಾಸವು ಇರುವುದೋ, ಅದನ್ನು ಅಳೆಯುವ ಮುಳ್ಳನ್ನು ಜೇಕಬ್ಸನ್ನನೂ ಮಾಡಲಿಲ್ಲ. ಹಳೇನಗರದ ಬೀದಿಯಲ್ಲಿ ಹುಡುಗನು ಇನ್ನೂ ಕೊಡೆಯನ್ನು ಬೀಸುತ್ತಲೇ ಇದ್ದಾನೆ. ಭದ್ರೆಯ ಕಡೆಯಿಂದ ಮೋಡವು ಕವಿದು ಬರುತ್ತಿದೆ. ನಾಲ್ಕು ಹನಿ ಬಿದ್ದರೆ ಆ ದಾಂಡನ್ನು ಬಿಚ್ಚಿ ತಲೆಯ ಮೇಲೆ ಹಿಡಿಯಬೇಕಾದೀತು. ಅಜ್ಜಿಯು ಜಗಲಿಯ ಮೇಲೆ ಕಣ್ಣು ಮುಚ್ಚಿ ಎರಡನೆಯ ಗರ್ಭಗುಡಿಯ ಮುಂದೆ ನಿಂತಿದ್ದಾಳೆ. ಈ ಹೊತ್ತು ಅವನನ್ನು ಕೂಗುವಂತಿಲ್ಲ.